ಹಾಳು ಬೆಳದಿಂಗಳ ಊರು

ಭಾನುವಾರ, ಹದಿನಾಲ್ಕನೇ ತಾರೀಖು

ತಮ್ಮಾ,

ನಾನು ಚೆನ್ನಾಗಿದ್ದೇನೆ. ಮಂಡಿ ಚೆನ್ನಾಗಿಲ್ಲ, ಅದರ ಮಾತು ಬಿಡು. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ತಡ ಮಾಡಿದ್ದು ನನ್ನ ತಪ್ಪೇ. ಹಾಗಂತ ನೀನೂ ಒಂದು ಫೋನು ಮಾಡಿ, ಅಕ್ಕ ಇದ್ದಾಳೋ ಹೋದಳೋ ಎಂದು ಕೇಳಬಹುದಿತ್ತು. ಹೋಗಲಿ, ಫೋನಿನಲ್ಲಿ ನಿನಗೆ ಕಿವಿ ಕೇಳುವುದಿಲ್ಲ, ನನಗೆ ತಾಳ್ಮೆ ಇರುವುದಿಲ್ಲ. ಕಾಗದವೇ ವಾಸಿ.

ಮೊದಲು ಬೈಗುಳ ಮುಗಿಸುತ್ತೇನೆ. ನಿನ್ನ ಕಾಗದದಲ್ಲಿ ಲ ಬಂದಲ್ಲೆಲ್ಲ ಮಸಿ ಕೂತಿದೆ. ಅಷ್ಟು ಮುದ್ದಾದ ಅಕ್ಷರದ ಮೇಲೆ ನೊಣ ಕೂತ ಹಾಗೆ. ಪಿಂಚಣಿ ಬರುತ್ತದಲ್ಲ, ಒಂದು ಒಳ್ಳೆಯ ಪೆನ್ನು ತೆಗೆದುಕೊ.

ಈಗ ಸುದ್ದಿ. ಹೋದ ವಾರ ಮಗಳು ಪೇಪರು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಹಳೆಯ ಸಿನಿಮಾ ಪೋಸ್ಟರುಗಳ ಹರಾಜು ಇದೆಯಂತೆ, ಚಿತ್ರ ಹಾಕಿದ್ದರು. "ಅಮ್ಮಾ, ಇದು ನಿಮ್ಮ ಪ್ರೆಸ್ಸಿಂದಲ್ವಾ?" ಅಂದಳು. ಕನ್ನಡಕ ಹಾಕಿಕೊಂಡು ನೋಡಿದೆ. ನಮ್ಮದೇ. ಒಲೆ ಆರಿಸಿ ಕೂತುಬಿಟ್ಟೆ.

ಯಾವುದು ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. "ಹಾಲು ಬೆಳದಿಂಗಳ ಊರು" ಎಂದು ಸಿನಿಮಾದ ಹೆಸರು. ನೀನು ಅಚ್ಚಿನ ಕಲ್ಲಿನ ಮೇಲೆ ಅಕ್ಷರ ತಿರುಗುಮುರುಗಾಗಿ ಬರೆದೆ, ನಾನು ಕಲ್ಲು ಒರೆಸಿದೆ, ಒದ್ದೆ ಹಾಳೆ ಹಗ್ಗಕ್ಕೆ ಹಾಕಿದೆ. ಗೋಡೆಗೆ ಅಂಟಿಸಿದ ಮೇಲೆ ನೋಡಿದರೆ "ಹಾಳು ಬೆಳದಿಂಗಳ ಊರು". ಬೀದಿ ಬೀದಿಯಲ್ಲಿ ಜನ ನಿಂತು ನಕ್ಕರು. ಪ್ರೆಸ್ಸಿನ ಯಜಮಾನ ಸಿಕ್ಕಷ್ಟನ್ನೂ ಕಿತ್ತು ತರಿಸಿ ಸುಡಿಸಿದ. ಲ ಯಾವುದು ಳ ಯಾವುದು ತಿಳಿಯದವನಿಗೆ ಇಲ್ಲೇನು ಕೆಲಸ ಎಂದು ನಿನ್ನನ್ನು ಆಚೆ ಹಾಕಿದ. "ನನ್ ಕೈಯೇ ಬರೆದಿರ್ಬೇಕು" ಎಂದಷ್ಟೇ ಹೇಳಿ ನೀನು ಚಪ್ಪಲಿ ಮೆಟ್ಟಿಕೊಂಡೆ. ಆಮೇಲೆ ನೀನು ಕುಂಚ ಮುಟ್ಟಿದ್ದನ್ನು ನಾನು ಕಂಡಿಲ್ಲ. ಅಂಚೆ ಕಚೇರಿಯಲ್ಲಿ ಪೊಟ್ಟಣ ತೂಗುತ್ತ ನೀನು ತಲೆ ಬೆಳ್ಳಗೆ ಮಾಡಿಕೊಂಡೆ.

ಆ ಸುಟ್ಟ ರಾಶಿಯಿಂದ ಒಂದು ಹಾಳೆ ತಪ್ಪಿಸಿಕೊಂಡಿದೆ. ಪ್ರೊಜೆಕ್ಟರ್ ನಡೆಸುವವನೊಬ್ಬ ತನ್ನ ಟ್ರಂಕಿನ ತಳಕ್ಕೆ ಹಾಸಿದ್ದನಂತೆ.

ಮಗಳ ಜೊತೆ ಹರಾಜಿಗೆ ನಾನೂ ಹೋದೆ. ಹೋಟೆಲಿನ ಮಹಡಿಯಲ್ಲಿ ದೊಡ್ಡ ಕೋಣೆ, ಕಾಲು ಹೂತುಹೋಗುವ ಜಮಖಾನೆ. ಬಂದವರಿಗೆಲ್ಲ ನಂಬರು ಬರೆದ ಸಣ್ಣ ಹಲಗೆ ಕೊಟ್ಟರು. ಮೂಗು ತುರಿಸಿಕೊಂಡರೂ ಬೆಲೆ ಕೂಗಿದೆ ಎಂದು ಹಿಡಿಯುತ್ತಾರೆ, ಸುಮ್ಮನಿರು ಎಂದು ಮಗಳು ಹೆದರಿಸಿದಳು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಬಿಳಿ ಕೈಗವಸು ಹಾಕಿದ ಇಬ್ಬರು ಅದನ್ನು ಎತ್ತಿ ಹಿಡಿದರು. ಹಿಂದೆ ಕಿಟಕಿ. ಬಿಸಿಲು ಕಾಗದದೊಳಗಿಂದ ಬಂತು ನೋಡು, ಆ ನೀಲಿ ಹಾಗೇ ಇದೆ ಕಣೋ. ಒಂದು ಚೂರೂ ಮಾಸಿಲ್ಲ. ಕೋಣೆ, ಜನ, ಮಂಡಿನೋವು ಎಲ್ಲ ಎತ್ತಲೋ ಹೋಯಿತು. ಪ್ರೆಸ್ಸಿನ ಹಿಂದಿನ ಶೆಡ್ಡಿನಲ್ಲಿ ನಿಂತಿದ್ದೆ. ಈ ಗೋಡೆಯಿಂದ ಆ ಗೋಡೆಯವರೆಗೆ ಒದ್ದೆ ಹಾಳೆ, ಒಂದೊಂದರಲ್ಲೂ ಒಂದೊಂದು ಚಂದ್ರ, ಮಧ್ಯಾಹ್ನ ಎರಡು ಗಂಟೆಗೆ. ಗಾಳಿ ಬಂದರೆ ಅಷ್ಟೂ ಚಂದ್ರರು ಒಟ್ಟಿಗೆ ಅಲ್ಲಾಡುತ್ತಿದ್ದರು. ನಡುವೆ ನೀನು, ಮೊಣಕೈವರೆಗೆ ನೀಲಿ, ಯಾವ ಹಾಳೆಯ ಹಿಂದೆ ಇದ್ದೀಯ ಎಂದೇ ತಿಳಿಯದು. ಸಿಳ್ಳೆ ಮಾತ್ರ ಕೇಳುತ್ತಿತ್ತು.

ನಗು ಕೇಳಿ ಎಚ್ಚರವಾಯಿತು. ಹರಾಜು ಕೂಗುವವನು, ಹಾಲು ಹಾಳಾಗಿದೆ ನೋಡಿ, ಆ ತಪ್ಪಿಗೇ ಬೆಲೆ ಎನ್ನುತ್ತಿದ್ದ. ಅಕ್ಷರ ಬರೆದವರು ಯಾರೋ ತಿಳಿಯದು ಎಂದೂ ಓದಿದ. ಅವತ್ತು ಬೀದಿಯಲ್ಲಿ ಕೇಳಿದ್ದ ಅದೇ ನಗು. ನನ್ನ ಸಿಟ್ಟು ನಿನಗೆ ಗೊತ್ತಲ್ಲ. ಎದ್ದು ನಿಂತೆ.

"ಯಾಕ್ ತಿಳಿಯಲ್ಲ? ನನ್ ತಮ್ಮ ಬರೆದದ್ದು. ಇನ್ನೂ ಇದಾನೆ. ಬರ್ಕೊಳ್ಳಿ."

ಮಗಳು ಸೆರಗು ಜಗ್ಗಿದಳು. ಆತ ಮಾತ್ರ ನಗು ನಿಲ್ಲಿಸಿ, "ಹೆಸರು ಹೇಳಿ ತಾಯಿ" ಅಂದ. ನಿನ್ನ ಪೂರ್ತಿ ಹೆಸರು ಹೇಳಿದೆ, ಅಪ್ಪನ ಹೆಸರೂ ಸೇರಿಸಿ. ಎಲ್ಲರ ಎದುರಿಗೆ ಬರೆದುಕೊಂಡರು. ಆಮೇಲೆ ಹಲಗೆಗಳು ಏಳತೊಡಗಿದವು ನೋಡು, ಕೊಕ್ಕರೆ ಹಿಂಡು ಎದ್ದ ಹಾಗೆ.

ಕೊನೆಗೆ ಗೆದ್ದವಳು ಒಬ್ಬ ಹಲ್ಲಿನ ಡಾಕ್ಟರು. ಒಳ್ಳೆಯ ಹೆಂಗಸು, ನನ್ನ ಹತ್ತಿರವೇ ಬಂದಳು. ಪೋಸ್ಟರಿನ ಮೇಲೆ ಭೂತಗನ್ನಡಿ ಆಡಿಸುತ್ತ, "ಎಲ್ಲ ಅಕ್ಷರ ಒಂದೇ ಕೈ ಅಮ್ಮ. ಈ ಳು ಮಾತ್ರ ಕಟ್ಟಿಸಿದ ಹಲ್ಲಿನ ಥರ ಇದೆ. ಬಾಲ ಬೇರೆ ಕಡೆ ತಿರುಗಿದೆ. ಯಾಕೆ?" ಎಂದು ಕೇಳಿದಳು.

ಕಲ್ಲು ಅಲ್ಲಿ ಒರಟಾಗಿತ್ತು ಎಂದೆ.

ನಿನ್ನ ಹೆಸರು ಅಚ್ಚು ಹಾಕಿಸಿ ಹರಾಜಿನವರು ಕೊಟ್ಟ ಚೀಟಿ ಇದರ ಜೊತೆ ಇಟ್ಟಿದ್ದೇನೆ. ಮೊಮ್ಮಕ್ಕಳಿಗೆ ತೋರಿಸು, ಸುಮ್ಮನೆ ಪೆಟ್ಟಿಗೆಗೆ ತುರುಕಬೇಡ. ಮಫ್ಲರು ಕಟ್ಟಿಕೊಂಡೇ ಆಚೆ ಹೋಗು. ನಿನ್ನ ಹೆಂಡತಿಗೆ ಕೇಳಿದೆ ಎಂದು ಹೇಳು. ನನ್ನ ಆಯುಸ್ಸಿನಲ್ಲಿ ಉಳಿದದ್ದರಲ್ಲಿ ಅರ್ಧ ನಿನಗಿರಲಿ. ಮಂಡಿನೋವು ಬೇಡ, ಅದು ನನ್ನ ಹತ್ತಿರವೇ ಇರಲಿ.

ನಿನ್ನ ಅಕ್ಕ

ಇನ್ನೊಂದು ಮಾತು. ಲಕೋಟೆಗೆ ಹಾಕಿದ ಕಾಗದ ಮತ್ತೆ ಹೊರಗೆ ತೆಗೆದಿದ್ದೇನೆ. ಕಲ್ಲು ಒರಟಾಗಿರಲಿಲ್ಲ. ನೀನು ಊಟಕ್ಕೆ ಹೋಗಿದ್ದೆ, ನಾನು ಕಲ್ಲು ಒರೆಸಲು ಬಂದೆ. ಅಕ್ಷರ ಅಂತ ನಾನು ಸರಿಯಾಗಿ ಕಲಿತದ್ದೇ ಆ ಕಲ್ಲುಗಳ ಮೇಲೆ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಬೆಳದಿಂಗಳಿನಲ್ಲಿ ಎರಡೆರಡು ಳ ಇತ್ತು, ಹಾಲಿನಲ್ಲಿ ಲ. ನೀನು ತಪ್ಪಿದೆ ಎಂದುಕೊಂಡೆ. ನಿನ್ನನ್ನು ಸೊಂಟದ ಮೇಲೆ ಹೊರಲು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಹತ್ತನೇ ಕ್ಲಾಸು ಓದಿದವನ ತಪ್ಪು ಹಿಡಿದೆ ಎಂದು ಎಷ್ಟು ಖುಷಿಯಾಯಿತು ಗೊತ್ತಾ. ಕೆರೆದು ತಿದ್ದಿದೆ. ನೀನು ಬಂದ ಮೇಲೆ ಹೇಳಿ ಅಣಕಿಸಬೇಕು ಅಂತಿದ್ದೆ, ಅಷ್ಟರಲ್ಲಿ ಕಲ್ಲು ಯಂತ್ರಕ್ಕೆ ಹೋಗಿತ್ತು. ಯಜಮಾನ ನಿನ್ನ ಮೇಲೆ ಕೂಗಾಡುವಾಗ ನಾನು ಅಲ್ಲೇ ಇದ್ದೆ. ಹಾಳೆಗಳ ಹಿಂದೆ. ಮೊನ್ನೆ ಅಷ್ಟು ಜನರ ಎದುರು ನಿನ್ನ ಹೆಸರು ಕೂಗಿದವಳು, ಅಲ್ಲಿಯೂ ನನ್ನ ಹೆಸರು ಹೇಳಲಿಲ್ಲ. ನಾಳೆ ಆ ಡಾಕ್ಟರ ಹತ್ತಿರ ಹೋಗಿ ಹೇಳಿಬರುತ್ತೇನೆ. ಹಲ್ಲು ನೋವು ಎಂದು ಮಗಳಿಗೆ ಹೇಳಿದ್ದೇನೆ.

ಪೆನ್ನು ಬದಲಾಯಿಸಬೇಡ. ತಪ್ಪು ಅದರದ್ದಲ್ಲ. ಇನ್ನು ಮೇಲೆ ಲ ಬಂದಲ್ಲಿ ನಿಲ್ಲಬೇಡ, ಬರೆದುಕೊಂಡು ಹೋಗು.