ತುಂಬಿದ ಬಟ್ಟಲು

ಅಕ್ಟೋಬರ್ 17, ಗುರುವಾರ. ಬಿಷ್ಕೆಕ್.

ಆ ಬಟ್ಟಲು ತಲೆಯಿಂದ ಹೋಗುತ್ತಿಲ್ಲ.

ಮಾಧ್ಯಮ ಅಧ್ಯಯನದ ತರಗತಿಯಲ್ಲಿ ಇವತ್ತೂ ಅದೇ ಪ್ರವಾಸೋದ್ಯಮದ ಜಾಹೀರಾತು ತೋರಿಸಿದೆ. ಗುಡಾರದ ಮುಂದೆ ಬಿಳಿ ರುಮಾಲಿನ ಮುದುಕಿ ವಿದೇಶಿಯೊಬ್ಬನ ಕೈಗೆ ಚಹಾ ಕೊಟ್ಟು ನಗುತ್ತಾಳೆ. ನಾಲ್ಕು ವರ್ಷದಿಂದ ನನ್ನ ಪಾಠ ಒಂದೇ: ಈಕೆಗೆ ಹೆಸರಿಲ್ಲ, ಮಾತಿಲ್ಲ, ಕ್ಯಾಮೆರಾದವರು ಆಡಿಸಿದಂತೆ ಆಡುವ ಗೊಂಬೆ. ಬಟ್ಟಲು ಅಂಚಿನವರೆಗೆ ತುಂಬಿರುವುದನ್ನೂ ತೋರಿಸುತ್ತೇನೆ. ನಮ್ಮಲ್ಲಿ ಅತಿಥಿಗೆ ಕೊಡುವುದು ಅರ್ಧ ಬಟ್ಟಲು. ತುಂಬಿಸಿ ಕೊಟ್ಟರೆ ‘ಕುಡಿದು ಹೊರಡು’ ಎಂದರ್ಥ. ನಿರ್ದೇಶಕನಿಗೆ ಅಷ್ಟೂ ಗೊತ್ತಿರಲಿಲ್ಲ ಎಂದಾಗ ತರಗತಿ ನಗುತ್ತದೆ.

ಇವತ್ತು ಬೆಗಾಯಿಮ್ ಎಂಬ ಹುಡುಗಿ ಮಾತ್ರ ನಗಲಿಲ್ಲ.

“ಎಜೆ, ಅದು ನಮ್ಮಜ್ಜಿ,” ಎಂದಳು. ನಮ್ಮಲ್ಲಿ ಟೀಚರನ್ನೂ ‘ಎಜೆ’, ಅಂದರೆ ಅಕ್ಕ, ಎಂದೇ ಕರೆಯುವುದು.

“ಯಾರು?”

“ನೀವು ಹೇಳಿದ್ರಲ್ಲ, ಗೊಂಬೆ. ಬೆಳಿಗ್ಗೆಯಿಂದ ಆ ನಿರ್ದೇಶಕ ‘ಇನ್ನೊಂದ್ಸಲ ನಗಜ್ಜಿ, ಹಲ್ಲು ಕಾಣ್ಲಿ’ ಅಂತ ಪ್ರಾಣ ತಿಂದನಂತೆ. ಅಜ್ಜಿಗೆ ರೇಗಿ ಬಟ್ಟಲು ತುಂಬಾ ಸುರಿದು ಕೊಟ್ಬಿಟ್ಟಿದಾಳೆ. ಅದೇ ಚೆನ್ನಾಗಿದೆ ಅಂತ ಅವನು ಅದನ್ನೇ ಇಟ್ಕೊಂಡ. ಟೀವಿಲಿ ಬಂದಾಗೆಲ್ಲ ನಮ್ಮೂರೇ ಬಿದ್ದು ಬಿದ್ದು ನಗುತ್ತೆ, ಎಜೆ.”

ತರಗತಿ ಮತ್ತೆ ನಕ್ಕಿತು, ಈ ಸಲ ನನ್ನನ್ನು ನೋಡಿ. “ಒಳ್ಳೆಯ ಉದಾಹರಣೆ” ಎಂದು ಬೋರ್ಡಿನ ಕಡೆ ತಿರುಗಿಕೊಂಡೆ.

ಈಗ ಪಾಠದ ಟಿಪ್ಪಣಿ ತಿದ್ದುತ್ತಿದ್ದೇನೆ. ‘ಮಾತಿಲ್ಲ’ ಎಂಬುದನ್ನು ಹೊಡೆದುಹಾಕಿದ್ದಾಯಿತು. ‘ಹೆಸರಿಲ್ಲ’ ಎಂಬುದನ್ನೂ ಹೊಡೆದು, ಪಕ್ಕದಲ್ಲಿ ಆಕೆಯ ಹೆಸರು ಬರೆಯಲು ಹೋದೆ. ಬೆಗಾಯಿಮಳನ್ನು ನಾನು ಕೇಳಿಯೇ ಇಲ್ಲ.