ಡಾಕ್ಟರ್ ಓಸ್ಟ್‌ಬಿ ತಡೆದ ಚೀಟಿ

ಮಾರ್ಚ್ 11, ಮಂಗಳವಾರ

ಅರ್ಜಿಯಲ್ಲಿ ಒಂದು ವಿಷಯವನ್ನು ಬರೆಯದೆ ಬಿಡುವುದರಲ್ಲಿದ್ದೆ. ನರ್ಸ್ ಆದ ನಾನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಔಷಧಿ ಬರೆದುಕೊಡಲು ಅನುಮತಿ ಕೇಳುವ ಅರ್ಜಿ. ‘ಮೂರು ವರ್ಷದಲ್ಲಿ ಡಾಕ್ಟರ್ ಓಸ್ಟ್‌ಬಿ ನನ್ನ ಒಂದು ಚೀಟಿಯನ್ನೂ ತಿದ್ದಿಲ್ಲ’ ಎಂದು ಬರೆದಿದ್ದೆ. ಅದು ನಿಜವಲ್ಲ. ಲೊರೀನ್ ಎಂಬ ರೋಗಿಯ ಮಂಡಿನೋವಿಗೆ ನಾನು ಬರೆದ ಮಾತ್ರೆಯನ್ನು ಡಾಕ್ಟರ್ ತಡೆದಿದ್ದರು.

ಪ್ರತಿ ಗುರುವಾರ ಅವರು ತೊಂಬತ್ತು ಮೈಲಿ ದೂರದಿಂದ ಫೋನಿನಲ್ಲಿ ನನ್ನಿಂದ ರೋಗಿಗಳ ಕಡತಗಳನ್ನು ಓದಿಸುತ್ತಾರೆ. ಆ ದಿನ, “ಆಕೆ ಕಿಡ್ನಿ ರಿಪೋರ್ಟ್ ಇನ್ನೊಂದ್ಸಲ ಗಟ್ಟಿಯಾಗಿ ಓದು, ನೋಡೋಣ” ಎಂದರು, ಅಷ್ಟೆ. ಓದುತ್ತಿರುವಾಗಲೇ ನನ್ನ ತಪ್ಪು ಗೊತ್ತಾಯಿತು: ಆಕೆಯ ದುರ್ಬಲ ಕಿಡ್ನಿಗೆ ಆ ನೋವಿನ ಮಾತ್ರೆ ಅಪಾಯಕಾರಿ. ಅಂದಿನಿಂದ ಚೀಟಿ ಬರೆಯುವ ಮುಂಚೆ ರಿಪೋರ್ಟನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ರೋಗಿಗಳು ನಗುತ್ತಾರೆ.

ಇವತ್ತು ಡಾಕ್ಟರಿಗೆ ಫೋನ್ ಮಾಡಿ, ಆ ತಪ್ಪನ್ನೂ ಅರ್ಜಿಯಲ್ಲಿ ಬರೆಯುತ್ತೇನೆ ಎಂದೆ.

“ಅನುಮತಿ ಸಿಗದಿದ್ರೆ? ಜೂನಿಗೆ ನಾನು ನಿವೃತ್ತಿ. ನಿನ್ನ ಕ್ಲಿನಿಕ್ ಮುಚ್ಚಬೇಕಾಗುತ್ತೆ, ಮಾರ್ಲಿಸ್.”

“ಗೊತ್ತು ಡಾಕ್ಟ್ರೇ.”

“ಹಾಗಾದ್ರೆ ಬರಿ. ನನ್ನ ತಪ್ಪುಗಳನ್ನ ಬರಿ ಅಂತ ಯಾರೂ ಕೇಳ್ಲಿಲ್ಲ, ಪುಣ್ಯ. ಕಾಗದ ಸಾಲ್ತಿರ್ಲಿಲ್ಲ.”

ಇಂಥವರ ಕೈಕೆಳಗೆ ಕಲಿಯಲು ಸಿಕ್ಕಿತಲ್ಲ ಎಂದು ಸಂಜೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ‘ಒಂದು ಚೀಟಿಯನ್ನೂ ತಿದ್ದಿಲ್ಲ’ ಎಂಬ ಸಾಲನ್ನು ಹೊಡೆದುಹಾಕಿ, ನಡೆದದ್ದನ್ನು ಬರೆದೆ. ಅದರ ಕೆಳಗೆ ಸಹಿ ಹಾಕಲು ಈ ಗುರುವಾರ ಡಾಕ್ಟರ್ ತಾವೇ ಕಾರು ಓಡಿಸಿಕೊಂಡು ಬರುತ್ತಾರಂತೆ. ಅಂಚೆಗೆ ಹಾಕುವುದು ಮಾರ್ಚ್ 14, ಶುಕ್ರವಾರ.