ಯಾರೋ ಒಬ್ಬ ರಿದಂ ಹುಡುಗ

ಕ್ವಾಂಜೆಕಾ, ಟಾಂಗಾ
೧೪ ನವೆಂಬರ್ ೨೦೧೭, ಮಂಗಳವಾರ

ಕೊಂಬೊ ಅಣ್ಣನಿಗೆ,

ತಂಗಿ ಮ್ವನಾಶಾಳ ಸಲಾಮು. ನೀನು, ಅತ್ತಿಗೆ, ಮೊಮ್ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು, ಮಗಳು ಪಿಲಿ, ಅವಳ ಮಕ್ಕಳು ಆರೋಗ್ಯವಾಗಿದ್ದೇವೆ. ದೊಡ್ಡ ಈದ್‌ಗೆ ನೀನು ಕಳಿಸಿದ ಹಲ್ವ ಬಂದು ಎಷ್ಟೋ ದಿನವಾಯಿತು. ತಲುಪಿತು ಎಂದು ಒಂದು ಸಾಲು ಬರೆಯದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಎರಡು ಮೂರು ಸಲ ಕೂತೆ. ಪ್ರತಿ ಸಲವೂ ಸಲಾಮು ಮುಗಿಯುವ ಮೊದಲೇ ಬೈಗುಳ ಶುರುವಾಗುತ್ತಿತ್ತು. ಹರಿದು ಒಲೆಗೆ ಹಾಕುತ್ತಿದ್ದೆ. ಇವತ್ತು ಹರಿಯುವುದಿಲ್ಲ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನನ್ನ ನಂಬರ್ ಕಂಡರೆ ನಿನಗೆ ಸ್ನಾನದ ಹೊತ್ತು, ಇಲ್ಲವೇ ನಮಾಜಿನ ಹೊತ್ತು, ಎರಡೂ ಅಲ್ಲದಿದ್ದರೆ ಬ್ಯಾಟರಿ ಮುಗಿಯುವ ಹೊತ್ತು. ಅದಕ್ಕೇ ಈ ಕಾಗದವನ್ನು ಮೊಂಬಾಸಾ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ. ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ, ಅತ್ತಿಗೆಯ ಕೈಗಲ್ಲ.

ನನ್ನ ಮಂಡಿ ಹಾಗೇ ಇದೆ. ಬಜ್ಜಿ ವ್ಯಾಪಾರ ನಡೆಯುತ್ತಿದೆ, ಎಣ್ಣೆಯ ಬೆಲೆ ಕೇಳಬೇಡ. ನಮ್ಮ ಹಿತ್ತಲಿನ ಮಾವಿನ ಮರವನ್ನು ಪಕ್ಕದ ಮನೆಯವರು ಅರ್ಧಕ್ಕೆ ಕಡಿಸಿದರು, ಎಲೆ ಉದುರುತ್ತದಂತೆ. ಅವರೊಂದಿಗೂ ಜಗಳವಾಡಿದೆ. ಈ ವರ್ಷ ನನಗೆ ಜಗಳದ ಯೋಗವೇ ಇದೆ ಎಂದು ಪಿಲಿ ನಗುತ್ತಾಳೆ.

ಈಗ ವಿಷಯಕ್ಕೆ ಬರುತ್ತೇನೆ.

ಐಕಾ ಎಂಬ ಹುಡುಗಿ ನಿನಗೆ ಫೋನ್ ಮಾಡಿದ್ದಳಲ್ಲ, ಅವಳು ಇಲ್ಲಿಗೂ ಬಂದಿದ್ದಳು. ದಾರ್ ಎಸ್ ಸಲಾಮಿನಲ್ಲಿ ರೇಡಿಯೋದವರ ಹಳೆಯ ಟೇಪುಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ನಮ್ಮ ಕಾಲದ ಬ್ಯಾಂಡುಗಳು ಸ್ಟುಡಿಯೋಗೆ ಹೋಗಿ ನುಡಿಸಿ ಬಂದ ಹಾಡುಗಳೆಲ್ಲ ಅಲ್ಲಿ ಬಿದ್ದಿವೆಯಂತೆ. ಎಷ್ಟೋ ಟೇಪುಗಳ ಡಬ್ಬಿಗೆ ಹೆಸರಿಲ್ಲ, ಹೆಸರಿದ್ದದ್ದನ್ನು ಗೆದ್ದಲು ತಿಂದಿದೆ. ಈಗ ಅವನ್ನು ರೆಕಾರ್ಡ್ ಮಾಡಿ ಮಾರಬೇಕೆಂದು ಹೊರಟಿದ್ದಾರೆ. ಅದಕ್ಕೆ ಮೊದಲು ಯಾವ ಹಾಡು ಯಾವ ಬ್ಯಾಂಡಿನದು, ನುಡಿಸಿದವರು ಯಾರು ಎಂದು ಪತ್ತೆ ಮಾಡಬೇಕು. ಪಾಪ, ಕಂಪ್ಯೂಟರ್ ಹೊತ್ತುಕೊಂಡು ಊರೂರು ತಿರುಗುತ್ತಾಳೆ. ಒಳ್ಳೆಯ ಹುಡುಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ನಮ್ಮ ಬ್ಯಾಂಡಿನ ಕ್ಲಬ್ ಹಾಲ್ ಈಗ ಸಿಮೆಂಟ್ ಗೋದಾಮು. ಅಲ್ಲೇ ಮೂಟೆಗಳ ಮೇಲೆ ಕೂತು ಕೇಳಿದೆವು. ನಮ್ಮ ಎದುರಾಳಿ ಬ್ಯಾಂಡ್ ಮಕೊರೊರಾ ಜಾಝ್‌ನ ಚಂಬುಸೊ ಕೋಟು ತೊಟ್ಟು ಬಂದಿದ್ದ. ಈ ಸೆಖೆಯಲ್ಲಿ ಕೋಟು. ಹಾಡು ಶುರುವಾಗಿ ಇನ್ನೂ ಒಂದು ಸಾಲು ಮುಗಿದಿರಲಿಲ್ಲ, ಅವನು ಕೈಯೆತ್ತಿದ.

"ಇದು ನಮ್ಮ ಮಕೊರೊರಾದ್ದೇ. ಕಣ್ ಮುಚ್ಕೊಂಡು ಹೇಳ್ತೀನಿ, ಬರ್ಕೊಳಮ್ಮ."

"ಕಣ್ಣಲ್ಲ, ನೀನು ಕಿವಿ ಮುಚ್ಕೊಂಡು ಹೇಳ್ತಿದೀಯ. ಗಿಟಾರ್ ಬರೋ ತನಕ ತಡ್ಕೊ," ಎಂದೆ.

ಗಿಟಾರ್ ಬಂತು. ನಿನ್ನದೇ ಗಿಟಾರ್. ಅದರ ಮೇಲೆ ನಮ್ಮ ಹಾಡುಗಾರ ಬೆಂಡೆರಾನ ಕೂಗು. ಸತ್ತು ಇಪ್ಪತ್ತು ವರ್ಷವಾದರೂ ಆ ಗಂಟಲು ಹಾಗೇ ಇದೆ: "ಮಾತಾಡ್ಸು ಕೊಂಬೊ, ಮಾತಾಡ್ಸು ಅದನ್ನ. ಟಾಂಗಾ ಕೇಳ್ತಾ ಇದೆ."

ಎಲ್ಲರೂ ಚಂಬುಸೊನ ಕಡೆ ತಿರುಗಿದರು. "ನಮ್ಮಲ್ಲೂ ಒಬ್ಬ ಕೊಂಬೊ ಇದ್ದ," ಎಂದ.

"ಯಾರು, ನೀವು ಕ್ಲಬ್ಬಲ್ಲಿ ಸಾಕಿದ್ದ ಮೇಕೆನಾ?" ಎಂದು ಕೇಳಿದೆ. ಗೋದಾಮಿನ ಕೂಲಿಯವರೂ ನಕ್ಕರು. ಚಂಬುಸೊ ಕೋಟು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ.

ಸುಳ್ಳು ಹೇಳುವುದಿಲ್ಲ ಅಣ್ಣ, ನನಗೆ ಹೆಮ್ಮೆಯಾಯಿತು. ಹಾಡುಗಳ ಉದ್ದಕ್ಕೂ ಬೆಂಡೆರಾ ಎಲ್ಲರ ಹೆಸರನ್ನೂ ಕೂಗುತ್ತಾನೆ. ಸ್ಯಾಕ್ಸ್ ಬಂದಾಗ ಸ್ಯಾಕ್ಸಿನವನನ್ನು, ಡ್ರಮ್ ಬಂದಾಗ ಡ್ರಮ್ಮಿನವನನ್ನು, ನಿನ್ನನ್ನಂತೂ ಮತ್ತೆ ಮತ್ತೆ. ಆ ಕೂಗುಗಳಿಂದಲೇ ಅದು ನಮ್ಮ ಕ್ವಾಂಜೆಕಾ ಜಾಝ್ ಎಂದು ಐಕಾ ಗಟ್ಟಿ ಮಾಡಿಕೊಂಡಳು. ಆಮೇಲೆ ನುಡಿಸಿದವರ ಹೆಸರುಗಳನ್ನು ಓದಿದಳು. ಹಾಡುಗಾರ ಬೆಂಡೆರಾ, ಲೀಡ್ ಗಿಟಾರ್ ಕೊಂಬೊ, ಹೀಗೆ. ರಿದಂ ಗಿಟಾರಿಗೆ ಬಂದಾಗ ನಿಂತಳು.

"ಇದೊಂದು ಗೊತ್ತಾಗ್ಲಿಲ್ಲ ಅಜ್ಜಿ. ಮೊಂಬಾಸಾದ ಕೊಂಬೊ ತಾತನ್ನ ಕೇಳ್ದೆ. 'ಯಾರೋ ಒಬ್ಬ ಹುಡುಗ, ಎಷ್ಟೋ ಜನ ಬರ್ತಿದ್ರು ಹೋಗ್ತಿದ್ರು' ಅಂದ್ರು."

ಯಾರೋ ಒಬ್ಬ ಹುಡುಗ.

ನಿನಗಿಂತ ಒಂದು ವರ್ಷ ದೊಡ್ಡವರಾಗಿದ್ದರು ಅಣ್ಣ ಅವರು. ಹೆಸರು ಹಿಜಾ, ನನ್ನ ಗಂಡ. ಮರೆತಿದ್ದರೆ ಬರೆದಿಟ್ಟುಕೋ. ಕೊರೊಗ್ವೆಯಲ್ಲಿ ಕುಣಿತದ ನಡುವೆ ನಿನ್ನ ತಂತಿ ಕಡಿದಾಗ ತಮ್ಮ ಗಿಟಾರಿನಿಂದ ಬಿಚ್ಚಿ ಕೊಟ್ಟು, ಉಳಿದ ಐದರಲ್ಲೇ ಬೆಳಗಿನವರೆಗೆ ನುಡಿಸಿದರು. ನಮ್ಮ ಮನೆಯಲ್ಲಿ ನೀವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡಿದ್ದೀರಿ. ಬಡಿಸಿದವಳು ನಾನು. ನಿನಗೆ ಮರೆವು ಬಂದಿದೆ ಎಂದು ನಂಬೋಣವೆಂದರೆ, ಪಿಲಿಯ ಮದುವೆಯ ಅನ್ನದಲ್ಲಿ ಉಪ್ಪು ಕಡಿಮೆಯಿತ್ತು ಎಂದು ಇಪ್ಪತ್ತೈದು ವರ್ಷದ ಮೇಲೂ, ಹೋದ ವರ್ಷ, ನೆನೆಸಿಕೊಂಡವನು ನೀನು. ನಿನ್ನ ತಲೆಗೆ ಏನೂ ಆಗಿಲ್ಲ.

ರಿದಂ ನುಡಿಸುವವನಿಗೆ ಒಂಟಿಯಾಗಿ ನುಡಿಸುವ ಸರದಿ ಬರುವುದಿಲ್ಲ. ಸರದಿ ಬಾರದವನ ಹೆಸರನ್ನು ಬೆಂಡೆರಾ ಕೂಗುವುದಿಲ್ಲ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅವರಿಗೂ ಅದರ ಬಗ್ಗೆ ಬೇಸರವಿರಲಿಲ್ಲ. "ಊಟ ಮಾಡ್ದೋರು ಮೀನಿನ ಸಾರು ಚೆನ್ನಾಗಿತ್ತು ಅಂತಾರೆ. ಅನ್ನ ಚೆನ್ನಾಗಿತ್ತು ಅಂತ ಯಾರಾದ್ರೂ ಅಂದಿದ್ದು ಕೇಳಿದೀಯಾ?" ಎಂದು ನಗುತ್ತಿದ್ದರು. ಟೇಪಿನಲ್ಲಿ ಹೆಸರಿಲ್ಲದಿದ್ದರೆ ಇಲ್ಲ. ಆದರೆ ಬದುಕಿರುವ ನಿನ್ನ ಬಾಯಿಯಲ್ಲಿ ಯಾಕಿಲ್ಲ?

ಯಾಕೆಂದು ನನಗೆ ಗೊತ್ತು. ಮಕೊರೊರಾಕ್ಕೆ ಹೋದರಲ್ಲ, ಅದಕ್ಕೆ. ಪಿಲಿ ಹೊಟ್ಟೆಯಲ್ಲಿದ್ದಳು, ಇರಲು ಸೂರಿರಲಿಲ್ಲ, ಮಕೊರೊರಾ ಕ್ಲಬ್ಬಿನವರು ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕೊಡಿಸಿದರು. ಹೋದರು. ಯಾರು ಹೋಗುತ್ತಿರಲಿಲ್ಲ? ಬೇರೆಯವರು ಬ್ಯಾಂಡ್ ಬದಲಿಸಿದಾಗ ನೀನು ಒಂದು ವಾರ ಬೈದು ಆಮೇಲೆ ಅವರೊಂದಿಗೇ ಕಾಫಿ ಕುಡಿದೆ. ಇವರಿಗೆ ಮಾತ್ರ, ನಮ್ಮ ಅಂಗಳದಲ್ಲಿ ನಿಂತು, ಅಪ್ಪನ ಎದುರಿಗೆ, "ಬ್ಯಾಂಡ್ ಬಿಟ್ಟೋನು ನಮ್ ಮನೇನೂ ಬಿಟ್ಟ ಹಾಗೆ" ಎಂದೆ. ಅಂದಿನಿಂದ ಅವರು ನಿನ್ನ ಬಾಯಲ್ಲಿ "ಆ ಮನುಷ್ಯ". ಆಮೇಲೆ ನೀನು ಮೊಂಬಾಸಾದ ಹೋಟೆಲುಗಳಿಗೆ ನುಡಿಸಲು ಹೋದೆ, ನಿನ್ನ ಸಿಟ್ಟನ್ನು ಇಲ್ಲೇ ನನ್ನ ಮನೆಯಲ್ಲಿ ಬಿಟ್ಟುಹೋದೆ. ಅವರು ತೀರಿಕೊಂಡಾಗ ಬರಲಿಲ್ಲ, ಅಕ್ಕಿ ಸಕ್ಕರೆ ಕಳಿಸಿದೆ. ಆ ಅಕ್ಕಿಯನ್ನು ನಾನು ಬಂದವರಿಗೆ ಬಡಿಸಿದೆ. ಆಗ ಒಂದು ಮಾತೂ ಆಡಲಿಲ್ಲ. ಈಗ ಆಡುತ್ತಿದ್ದೇನೆ.

ಈಗ ನೋಡು ಅವರ ಗತಿ. ಈ ಹಾಡುಗಳು ಅವರು ಮಕೊರೊರಾಕ್ಕೆ ಹೋಗುವ ಮೊದಲಿನವು, ಹಾಗಾಗಿ ಚಂಬುಸೊ ಅವರನ್ನು ತನ್ನವನೆನ್ನುವುದಿಲ್ಲ. ಕ್ವಾಂಜೆಕಾ ಜಾಝ್‌ನವರಲ್ಲಿ ಬದುಕಿರುವವನು ನೀನೊಬ್ಬ, ನೀನೂ ಎನ್ನುವುದಿಲ್ಲ.

ಐಕಾ ಹೊರಡುವಾಗ ನಾನು ಕೇಳಿದೆ, "ಅವ್ರು ಎಣ್ಸೋದು ಎಲ್ಲೋಯ್ತಮ್ಮ?" ಪ್ರತಿ ಹಾಡನ್ನೂ ಎಣಿಸಿ ಶುರು ಮಾಡಿಸುತ್ತಿದ್ದವರು ಅವರೇ ತಾನೇ? ಅದೂ ತಮ್ಮ ಬೊಂಡೆಯಿ ಮಾತಿನಲ್ಲಿ. ಕಿತ್ತಳೆ ತೋಟಗಳ ಊರು ಮುಹೇಜಾದವನು ಕಿತ್ತಳೆ ಎಣಿಸುತ್ತಿದ್ದಾನೆ ಎಂದು ನೀವೆಲ್ಲ ಗೇಲಿ ಮಾಡುತ್ತಿದ್ದಿರಿ. ಬ್ಯಾಂಡಿನಲ್ಲಿ ಬೇರೆ ಯಾರಿಗೂ ಆ ಭಾಷೆ ಬರುತ್ತಿರಲಿಲ್ಲ.

"ಶುರುವಲ್ಲಿ ಮಾತು, ಕೆಮ್ಮು, ಎಣಿಕೆ ಎಲ್ಲ ಇರುತ್ತಲ್ಲ ಅಜ್ಜಿ, ಕಂಪ್ಯೂಟರಿಗೆ ಹಾಕೋವಾಗ ಅದನ್ನ ಕತ್ತರಿಸಿ ಚೊಕ್ಕ ಮಾಡ್ಬಿಟ್ಟಿದಾರೆ."

"ನನ್ ಗಂಡನ್ನ ಕಸ ಅಂತ ಗುಡಿಸಿಬಿಟ್ಟಿದಾರೆ ಅನ್ನು."

ಹುಡುಗಿಯ ಮುಖ ಸಣ್ಣದಾಯಿತು. ಮೂಲ ಟೇಪುಗಳು ಹಾಗೇ ಇವೆ, ಹುಡುಕುತ್ತೇನೆ ಎಂದು ಹೇಳಿ ಹೋದಳು. ಹುಡುಕಿದಳು ಕೂಡ. ಹೋದ ವಾರ ಫೋನ್ ಮಾಡಿ ಕರೆದಳು. ಮಂಡಿಗೆ ಎಣ್ಣೆ ಹಚ್ಚಿಕೊಂಡು ಬಸ್ ಹತ್ತಿ ದಾರ್‌ಗೆ ಹೋದೆ. ಪಿಲಿ ಬೇಡವೆಂದಳು, ಕೇಳಲಿಲ್ಲ.

ಆ ಕೋಣೆಯಲ್ಲಿ ಎಂಥ ಚಳಿ ಅಣ್ಣ, ಟೇಪುಗಳಿಗೆ ಅಷ್ಟು ತಂಪು ಬೇಕಂತೆ. ಎರಡು ಕಂಗಾ ಹೊದ್ದು ಕೂತೆ. ಐಕಾ ದೊಡ್ಡ ಚಕ್ರಕ್ಕೆ ಟೇಪು ಸುತ್ತಿ ಒತ್ತಿದಳು. ಮೊದಲು ಕುರ್ಚಿ ಎಳೆದ ಸದ್ದು. ಯಾರೋ ಸೀನಿದರು. ಆಮೇಲೆ ನಮ್ಮವರು ಎಣಿಸಿದರು.

ಅದೇ ದನಿ. ಮದುವೆಗೆ ಮುಂಚಿನ ದನಿ, ನಾನೂ ಅಷ್ಟಾಗಿ ಕೇಳಿರದ ದನಿ. ಎಣಿಕೆಯ ನಡುವೆ ಇನ್ನೊಬ್ಬರು ತಡೆದು ಏನೋ ಹೇಳುತ್ತಾರೆ, ನಗುತ್ತಾರೆ, ಮತ್ತೆ ಮೊದಲಿನಿಂದ ಎಣಿಕೆ, ಆಮೇಲೆ ಹಾಡು. ಅದಿರಲಿ. ನಾನು ಅಲ್ಲಿ ಅಳಲಿಲ್ಲ. ಇನ್ನೊಂದು ಸಲ ಹಾಕಮ್ಮ ಎಂದೆ. ಹಾಕಿದಳು. ಮತ್ತೆ ಹಾಕು ಎಂದೆ. ಹಾಡು ಬರುವ ಮೊದಲೇ ನಿಲ್ಲಿಸಿ ನಿಲ್ಲಿಸಿ ಹಾಕಿಸಿದೆ. ನನಗೆ ಹಾಡು ಬೇಕಿರಲಿಲ್ಲ. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ, ಪಕ್ಕದಲ್ಲಿದ್ದವಳು ಹಲ್ಲುನೋವಾ ಎಂದು ಕೇಳಿದಳು. ಹೌದೆಂದೆ.

ಐಕಾ ನನ್ನನ್ನು ನಂಬಿದ್ದಾಳೆ. ಅವಳ ಮೇಲಿನವರು ನಂಬುವುದಿಲ್ಲ. "ಹೆಂಡತಿ ಮಾತು ಸಾಲಲ್ಲ ಅಜ್ಜಿ, ಜೊತೆಲಿ ನುಡಿಸಿದೋರು ಒಬ್ರಾದ್ರೂ ಹೌದು ಅನ್ಬೇಕಂತೆ. ಇಲ್ದಿದ್ರೆ 'ಹೆಸರು ತಿಳಿದಿಲ್ಲ' ಅಂತಾನೇ ಅಚ್ಚಾಗುತ್ತೆ." ಅಚ್ಚಾದ ಮೇಲೆ ಲೋಕದಲ್ಲಿ ಎಲ್ಲಿ ಯಾರು ಆ ರೆಕಾರ್ಡ್ ತಿರುಗಿಸಿ ನೋಡಿದರೂ ನಿನ್ನ ಹೆಸರು ಇರುತ್ತದೆ, ಬೆಂಡೆರಾನ ಹೆಸರು ಇರುತ್ತದೆ, ನನ್ನ ಗಂಡ ಇದ್ದ ಕಡೆ ಒಂದು ತೂತು ಇರುತ್ತದೆ. ಪಿಲಿಯ ಮಕ್ಕಳು ತಮ್ಮ ತಾತ ಗಿಟಾರ್ ನುಡಿಸುತ್ತಿದ್ದರು ಎಂದರೆ ಇವರ ಅಜ್ಜಿ ಕಥೆ ಕಟ್ಟುತ್ತಾಳೆ ಎನ್ನುತ್ತಾರೆ.

ಈ ಶುಕ್ರವಾರ ಜುಮ್ಮಾ ನಮಾಜ್ ಮುಗಿದ ಮೇಲೆ ಐಕಾ ನಿನಗೆ ಫೋನ್ ಮಾಡುತ್ತಾಳೆ. ಕಡೆಯ ಸಲ ಕೇಳುತ್ತಾಳೆ. ಫೋನ್ ಎತ್ತು. ನನ್ನ ಮೇಲೆ ಪ್ರೀತಿ ತೋರಿಸು ಎನ್ನುತ್ತಿಲ್ಲ, ಅವರನ್ನು ಕ್ಷಮಿಸು ಎಂದೂ ಎನ್ನುತ್ತಿಲ್ಲ. ಕ್ಷಮಿಸುವಂಥದ್ದನ್ನು ಅವರು ಏನೂ ಮಾಡಿಲ್ಲ. ನಿನ್ನ ಪಕ್ಕದಲ್ಲಿ ಕೂತು ನುಡಿಸಿದವರು ಯಾರೆಂದು ಹೇಳು, ಅಷ್ಟೇ. ಹೇಳಲಾಗದಿದ್ದರೆ ಇನ್ನು ಮುಂದೆ ಹಲ್ವ ಕಳಿಸಬೇಡ. ನಮ್ಮ ಟಾಂಗಾದಲ್ಲೂ ಹಲ್ವ ಸಿಗುತ್ತದೆ.

ಅತ್ತಿಗೆಗೆ ನನ್ನ ಸಲಾಮು ತಿಳಿಸು. ಅವಳಿಗೆ ರಕ್ತದೊತ್ತಡ, ಉಪ್ಪುಮೀನು ಕೊಡಬೇಡ. ಮೊಮ್ಮಕ್ಕಳಿಗೆ ಅಲ್ಲಾಹು ಒಳ್ಳೆಯ ಆಯಸ್ಸು, ಓದು, ನಿನ್ನ ಬೆರಳುಗಳನ್ನು ಕೊಡಲಿ. ನಿನ್ನ ಹಟ ಅವರಿಗೆ ಬಾರದಿರಲಿ. ನೀನೂ ನೂರು ಕಾಲ ಬಾಳು, ಸಿಟ್ಟಿನಲ್ಲಿದ್ದರೂ ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ನಿನ್ನ ಒಬ್ಬಳೇ ತಂಗಿ,
ಮ್ವನಾಶಾ

ತಾ.ಕ.: ಎಣಿಕೆಯ ನಡುವೆ ಇನ್ನೊಬ್ಬರು ತಡೆದು ಏನೋ ಹೇಳುತ್ತಾರೆ ಎಂದು ಬರೆದೆನಲ್ಲ. ನೀವು ದಾರ್‌ಗೆ ಹೋಗಿ ಆ ಹಾಡುಗಳನ್ನು ನುಡಿಸಿದ್ದು ನಮ್ಮ ಮದುವೆ ನಿಶ್ಚಯವಾದ ಮಾರನೆಯ ವಾರ. ಅಪ್ಪನ ಹತ್ತಿರ ಅವರ ಪರವಾಗಿ ಮಾತಾಡಿ ಒಪ್ಪಿಸಿದವನು ನೀನೇ. ಟೇಪಿನಲ್ಲಿ ಅವರು ಎಣಿಸಲು ಶುರು ಮಾಡಿದ ಕೂಡಲೇ ಒಬ್ಬ ನಗುತ್ತಾ ಹೇಳುತ್ತಾನೆ: "ತಡಿ ಭಾವ, ತಡಿ, ನನ್ ತಂತಿ ಇಳ್ದಿದೆ. ಹೂಂ, ಈಗ ಎಣ್ಸು ಭಾವ." ಆ ಮಾತನ್ನು ಅವರು ನಿನ್ನ ಬಾಯಿಂದ ಇನ್ನೊಮ್ಮೆ ಕೇಳಲೇ ಇಲ್ಲ. ಸಾಯುವವರೆಗೂ ಕಾದಿದ್ದರು, ನನಗೆ ಗೊತ್ತು.

ಇದು ಯಾರ ದನಿ ಅಜ್ಜಿ ಎಂದು ಐಕಾ ಕೇಳಿದಳು. ಗೊತ್ತಿಲ್ಲಮ್ಮ, ಯಾರೋ ಒಬ್ಬ ಹುಡುಗ, ಎಷ್ಟೋ ಜನ ಬರ್ತಿದ್ರು ಹೋಗ್ತಿದ್ರು ಎಂದೆ.